ಎನ್‌ಎ ಆಗಿದೆ ಅಂದ್ರೆ ಎಲ್ಲಾ ಆಯ್ತು ಅಂತ ಅಲ್ಲ

ಮನೆ, ಸೈಟು, ಹೊಲ, ಸಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿರುವುದು ಒಂದೇ ಮಾತು: "ಕಾಗದದಲ್ಲಿ ಬರೆದ ಪದ ಅರ್ಥ ಆಗ್ತಿಲ್ಲ, ಕೇಳೋಕೆ ನಾಚಿಕೆ ಆಗುತ್ತೆ." ನಾಚಿಕೆ ಬೇಡ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ವರ್ಷಗಟ್ಟಲೆ ಇದೇ ಕಾಗದಗಳನ್ನು ನೋಡಿದವಳು. ಸೇರಿದ ಹೊಸದರಲ್ಲಿ ನನಗೂ ಪಹಣಿಯ ಯಾವ ಕಾಲಂ ಏನು ಹೇಳುತ್ತದೆ ಅಂತ ಗೊತ್ತಿರಲಿಲ್ಲ. ಕೇಳಿ ಕೇಳಿಯೇ ಕಲಿತೆ.

"ಅಕ್ಕಾವರೇ, ರಾಯಚೂರು ಊರಾಚೆ ಒಂದು ಲೇಔಟಿನಲ್ಲಿ 30×40 ಸೈಟು ನೋಡಿದ್ದೇವೆ. 'ಎನ್‌ಎ ಆಗಿದೆ, ಖಾತಾ ಇದೆ, ಇಸಿ ಕ್ಲಿಯರ್ ಇದೆ, ನಾಳೆನೇ ಸಂಚಕಾರ ಕೊಡಿ' ಅಂತ ಬ್ರೋಕರ್ ಅವಸರ ಮಾಡ್ತಿದ್ದಾರೆ. ಈ ಮೂರಿದ್ದರೆ ಸಾಕಾ?"
(ಶಾಲಾ ಶಿಕ್ಷಕಿ, ರಾಯಚೂರು)

ಸಾಕಾಗುವುದಿಲ್ಲ ತಂಗಿ. ನಾಳೆ ಕೊಡಬೇಡಿ.

ಈ ಮೂರೂ ಬೇರೆ ಬೇರೆ ವಿಷಯ ಹೇಳುತ್ತವೆ. ಮೂರನ್ನೂ ಒಂದೇ ಉಸಿರಲ್ಲಿ ಹೇಳಿದಾಗ ನಮಗೆ ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಎನ್‌ಎ ಅಂದರೆ ಹೊಲ ಅಂತ ಇದ್ದ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಿಕೊಳ್ಳಲು ಜಿಲ್ಲಾಧಿಕಾರಿಗಳು ಕೊಟ್ಟ ಅನುಮತಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಅದು ಸಿಗುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ರಸ್ತೆ ಎಷ್ಟು ಅಗಲ, ಪಾರ್ಕಿಗೆ ಎಲ್ಲಿ ಜಾಗ ಬಿಟ್ಟಿದ್ದಾರೆ, ನಿಮ್ಮ ಸೈಟಿನ ನಂಬರು ನಕ್ಷೆಯಲ್ಲಿ ನಿಜವಾಗಿ ಇದೆಯಾ, ಇದು ಯಾವುದೂ ಎನ್‌ಎ ಆದೇಶದಲ್ಲಿ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಲೇಔಟ್ ಅಪ್ರೂವಲ್, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರ ಒಪ್ಪಿ ಮೊಹರು ಹಾಕಿದ ನಕ್ಷೆ. ಎನ್‌ಎ ಆಗಿ, ಅಪ್ರೂವಲ್ ಇಲ್ಲದೆ, ಕಲ್ಲು ನೆಟ್ಟು ಮಾರಿದ ಲೇಔಟುಗಳು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಇವೆ. ಬ್ರೋಕರ್ ಹತ್ತಿರ ಅಪ್ರೂವ್ ಆದ ನಕ್ಷೆಯ ಪ್ರತಿ ಕೇಳಿ. ಬಣ್ಣದ ಕರಪತ್ರ ತೋರಿಸಿದರೆ ಅದು ನಕ್ಷೆ ಅಲ್ಲ. ಪ್ರತಿ ಸಿಕ್ಕಮೇಲೆ ಪ್ರಾಧಿಕಾರದ ಕಚೇರಿಗೇ ಹೋಗಿ, ನಿಮ್ಮ ಸೈಟು ಪಾರ್ಕಿನಲ್ಲೋ ಸಿಎ ಸೈಟಿನಲ್ಲೋ (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಬಂದಿಲ್ಲ ಅಂತ ಕಣ್ಣಾರೆ ನೋಡಿಕೊಳ್ಳಿ.

ಇನ್ನೊಂದು ಮಾತು. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಲೇಔಟ್ ಮಾಡಿ ಮಾರುವವರು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಮಾಡಿಸಲೇಬೇಕು. 2016ರ ಕಾಯ್ದೆ ಇದು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಮಾತ್ರ ಅಂತ ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ, ಆದರೆ ಸೈಟಿನ ಲೇಔಟಿಗೂ ಅನ್ವಯಿಸುತ್ತದೆ. ಅದರ 13ನೇ ಕಲಂ ಪ್ರಕಾರ ನೋಂದಣಿಯಾದ ಕರಾರು ಇಲ್ಲದೆ ಒಟ್ಟು ಬೆಲೆಯ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳುವ ಹಾಗಿಲ್ಲ. ಸಂಚಕಾರ ಕೊಡುವಾಗ ಈ ಒಂದು ಮಾತು ನೆನಪಿರಲಿ.

ಈಗ ಖಾತಾ. ಖಾತಾ ಅಂದರೆ ಪಂಚಾಯಿತಿಯೋ ನಗರಸಭೆಯೋ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಅಂತ ಇಟ್ಟುಕೊಂಡ ಲೆಕ್ಕ. ಮಾಲೀಕತ್ವ ಕೊಡುವುದು ನೋಂದಣಿಯಾದ ಖರೀದಿ ಪತ್ರ, ಖಾತಾ ಅಲ್ಲ. ಈಗ ನೋಂದಣಿಗೆ ಇ-ಖಾತಾ (ಆನ್‌ಲೈನ್ ಖಾತಾ) ಬೇಕೇ ಬೇಕು, ಹಾಗಾಗಿ ಅದೂ ಇರಲಿ, ಆದರೆ ಯಾವುದು ಅಂತ ನೋಡಿ. ಪಂಚಾಯಿತಿ ವ್ಯಾಪ್ತಿಯ ಜಾಗಕ್ಕೆ ಇ-ಸ್ವತ್ತು ಕಾಗದ ಬರುತ್ತದೆ. ನಮೂನೆ 9 ಮತ್ತು 11ಎ ಇದ್ದರೆ ಒಂದು, 11ಬಿ ಇದ್ದರೆ ಬೇರೆಯೇ ಕಥೆ. ಕ್ರಮವಾಗಿ ಒಪ್ಪಿಗೆ ಪಡೆಯದ ಜಾಗಗಳು 11ಬಿ ಪಟ್ಟಿಯಲ್ಲಿ ಬರುತ್ತವೆ. ಅದರ ಮೇಲೆ ಮನೆಸಾಲ ಕೇಳಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಹಿಂದೇಟು ಹಾಕುತ್ತವೆ. "ಇ-ಸ್ವತ್ತು ಆಗಿದೆ" ಅಂತ ಹೇಳಿದರೆ ಕಾಗದ ಕೈಗೆ ತೆಗೆದುಕೊಂಡು ಮೇಲಿನ ಸಾಲಿನಲ್ಲಿ ನಮೂನೆಯ ನಂಬರು ಓದಿ. ಅರ್ಧ ನಿಮಿಷದ ಕೆಲಸ.

ಇಸಿ, ಅಂದರೆ ಋಣಭಾರ ಪತ್ರ. ಇದನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ತೆಗೆಸಬಹುದು, ಬ್ರೋಕರ್ ಕೊಟ್ಟ ಜೆರಾಕ್ಸ್ ನಂಬಬೇಡಿ. ವ್ಯವಹಾರ ನಡೆದಿದ್ದರೆ ನಮೂನೆ 15 ಬರುತ್ತದೆ, ಏನೂ ಇಲ್ಲದಿದ್ದರೆ ನಮೂನೆ 16. ನಮೂನೆ 15 ಬಂದರೆ ಹೆದರಬೇಡಿ, ಅದನ್ನು ಓದಬೇಕು ಅಷ್ಟೇ. ಒಂದೊಂದು ಸಾಲಿನಲ್ಲಿ ತಾರೀಖು, ಪತ್ರದ ವಿಧ, ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಇರುತ್ತದೆ. ಮೊದಲ ಸಾಲಿನಲ್ಲಿ ಬರೆಸಿಕೊಂಡವರೇ ಮುಂದಿನ ಸಾಲಿನಲ್ಲಿ ಬರೆದುಕೊಟ್ಟವರು ಆಗಿರಬೇಕು. ಹೀಗೆ ಸರಪಳಿಯಂತೆ ನಿಮಗೆ ಮಾರುವವರವರೆಗೂ ಬರಬೇಕು. ನಡುವೆ ಒಂದು ಕೊಂಡಿ ಕಾಣೆಯಾಗಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ: ಇವರಿಗೆ ಅವರಿಂದ ಹೇಗೆ ಬಂತು? ವಾರಸಾ? ವಿಭಾಗವಾ? ದಾನವಾ?

ನಮೂನೆ 16 ಬಂತು ಅಂತ ಖುಷಿಪಡುವ ಮುಂಚೆ ಸರ್ವೆ ನಂಬರು, ಹಿಸ್ಸಾ (ಅದರೊಳಗಿನ ಭಾಗದ) ನಂಬರು ಸರಿಯಾಗಿ ಕೊಟ್ಟಿದ್ದೀರಾ ನೋಡಿ. ತಪ್ಪು ಹಿಸ್ಸಾ ಕೊಟ್ಟರೆ ಇರುವ ಸಾಲವೂ ಕಾಣುವುದಿಲ್ಲ. ಸರಿಯಾಗಿ ತೆಗೆಸಿದ ಇಸಿಯೂ ಎಲ್ಲವನ್ನೂ ಹೇಳುವುದಿಲ್ಲ. ನೋಂದಣಿ ಆಗದ ಕರಾರು, ಬಾಯಿಮಾತಿನ ಹಿಸೆ, ಮಾರುವವರ ಅಕ್ಕತಂಗಿಯರ ಪಾಲು, ಇವು ಅದರಲ್ಲಿ ಬರುವುದಿಲ್ಲ. ಅದಕ್ಕೇ ಮೂಲ ಪತ್ರ ತೋರಿಸಿ ಅಂತ ಹಟ ಹಿಡಿಯಿರಿ. ಮೂಲ ಪತ್ರ ಇಲ್ಲ, ಪ್ರತಿ ಮಾತ್ರ ಇದೆ ಅಂದರೆ ಅದು ಯಾವುದೋ ಬ್ಯಾಂಕಿನ ಬೀರುವಿನಲ್ಲಿ ಇರಬಹುದು.

ಜಿಪಿಎ ಮೇಲೆ ಮಾರುತ್ತೇವೆ ಅಂದರೆ ಎದ್ದು ಬನ್ನಿ. ಜಿಪಿಎ ಅಂದರೆ ನನ್ನ ಪರವಾಗಿ ಕೆಲಸ ಮಾಡು ಅಂತ ಕೊಟ್ಟ ಅಧಿಕಾರ ಪತ್ರ ಅಷ್ಟೇ. ಜಿಪಿಎ ಬರೆಸಿಕೊಂಡ ಮಾತ್ರಕ್ಕೆ ಆಸ್ತಿ ನಿಮ್ಮದಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ನಮ್ಮ ತಂದೆ ಹೀಗೇ ಒಂದು ಸೈಟು ತೆಗೆದುಕೊಂಡಿದ್ದರು. ಜಿಪಿಎ, ಒಂದು ಕರಾರು, ಪೂರ್ತಿ ಹಣ ಕೊಟ್ಟ ರಸೀದಿ, ಮೂರನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಮನೆಯ ಮೇಲಿನ ಸಜ್ಜಾದಲ್ಲಿ ಇಟ್ಟಿದ್ದರು. ಜಾಗದ ಮಾಲೀಕರು ತೀರಿಕೊಂಡರು. ಅವರು ಕೊಟ್ಟ ಅಧಿಕಾರ ಅವರೊಂದಿಗೇ ಹೋಯಿತು, ಮಕ್ಕಳು ಆ ಸೈಟನ್ನು ಇನ್ನೊಬ್ಬರಿಗೆ ನೋಂದಣಿ ಮಾಡಿಕೊಟ್ಟರು. ತಂದೆ ಕೊನೆಯವರೆಗೂ ಆ ಕವರನ್ನು ಬಿಸಾಡಲಿಲ್ಲ.

ಖರ್ಚಿನ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. 20 ಲಕ್ಷದ ಸೈಟು ಅಂತ ಇಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ನೂರಕ್ಕೆ 5, ಅಂದರೆ ಒಂದು ಲಕ್ಷ. ಅದರ ಮೇಲೆ ಸೆಸ್ 10 ಸಾವಿರ, ನಗರ ವ್ಯಾಪ್ತಿಯಲ್ಲಿ ಸರ್‌ಚಾರ್ಜ್ 2 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ 1ರ ಬದಲು 2 ಆಗಿದೆ, ಅದು 40 ಸಾವಿರ. ಒಟ್ಟು 1,52,000. ನೀವು ಕೊಟ್ಟ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ದರ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಶುಲ್ಕ.

"ನಮ್ಮ ಹೊಲದ ಪಹಣಿಯಲ್ಲಿ ಬೋಜಾ ಇದೆ ಅಂತ ಕೊಳ್ಳುವವರು ಹಿಂದೆ ಸರಿದರು. ಸಾಲ ತೀರಿಸಿ ನಾಲ್ಕು ವರ್ಷ ಆಯಿತು. ಹಾಗಾದ್ರೆ ಇದು ಯಾಕೆ ಇನ್ನೂ ಇದೆ?"
(ರೈತರು, ಸಿಂಧನೂರು ತಾಲ್ಲೂಕು)

ಸಾಲ ತೀರಿದರೆ ಬೋಜಾ, ಅಂದರೆ ಜಮೀನಿನ ಮೇಲೆ ಸಾಲ ಇದೆ ಅನ್ನುವ ನಮೂದು, ತಾನಾಗಿಯೇ ಹೋಗುತ್ತದೆ ಅಂತ ನೀವು ನಂಬಿದ್ದೀರಿ, ತುಂಬಾ ಜನ ಹಾಗೇ ನಂಬುತ್ತಾರೆ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಇತರೆ ಹಕ್ಕು ಮತ್ತು ಋಣ. ಬ್ಯಾಂಕಿನ ಅಥವಾ ಸೊಸೈಟಿಯ ಬೋಜಾ ಕೂರುವುದು ಈ 11ರಲ್ಲಿ. ಸಾಲ ಕೊಟ್ಟವರಿಂದ ಸಾಲ ತೀರಿದ ಪತ್ರ ತೆಗೆದುಕೊಂಡು ನಾಡಕಚೇರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ಬೋಜಾ ತೆಗೆಸಲು ಅರ್ಜಿ ಕೊಡಿ. ಆಮೇಲೆ ಹೊಸ ಪಹಣಿ ತೆಗೆಸಿ, ಕಾಲಂ ಖಾಲಿಯಾಗಿದೆಯಾ ನೋಡಿ.

ಮಾರುವುದು ಸರ್ವೆ ನಂಬರಿನ ಒಂದು ಭಾಗ ಮಾತ್ರ ಆದರೆ ಆ ಭಾಗವನ್ನು ಅಳತೆ ಮಾಡಿ ತೋರಿಸುವ 11ಇ ಸ್ಕೆಚ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಮತ್ತೆ ಆ ಹೊಲ ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅಂತ ನೋಡಿ. ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಮಾಡಿದ ಮಾರಾಟ ನಿಲ್ಲುವುದಿಲ್ಲ, ಜಮೀನು ಮೂಲ ಮಂಜೂರುದಾರರ ಕುಟುಂಬಕ್ಕೆ ಮರಳುತ್ತದೆ. ಕೊಳ್ಳುವವರೂ ಇದನ್ನು ಕೇಳಲೇಬೇಕು.

"ಮಗಳ ಮದುವೆಗೆ 6 ಲಕ್ಷ ಬೇಕಿದೆ. ಊರಿನ ಒಬ್ಬರು ಕೊಡುತ್ತೇನೆ ಅಂತಾರೆ, ಆದರೆ ನಂಬಿಕೆಗೆ ಎರಡು ಎಕರೆ ಗದ್ದೆ ಖರೀದಿ ಬರೆದುಕೊಡು, ದುಡ್ಡು ವಾಪಸ್ ಕೊಟ್ಟ ದಿನ ತಿರುಗಿ ಬರೆದುಕೊಡ್ತೀನಿ, ಬೇಕಾದ್ರೆ ಬಾಂಡ್ ಮೇಲೂ ಬರೆದುಕೊಡ್ತೀನಿ ಅಂತಾರೆ. ಆಧಾರ, ಒತ್ತೆ, ಖರೀದಿ ಎಲ್ಲಾ ಒಂದೇ ಅಲ್ವಾ?"
(ಹೆಸರು ಬೇಡ, ಗಂಗಾವತಿ ಕಡೆಯವರು)

ಅಣ್ಣಾ, ದಯವಿಟ್ಟು ಬರೆದುಕೊಡಬೇಡಿ. ಈ ಪತ್ರ ಓದಿ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನಮ್ಮ ಸೋದರಮಾವನ ಕಾಲುವೆ ಬದಿಯ ಗದ್ದೆ ಹೋದದ್ದು ಇದೇ ಮಾತಿನ ಮೇಲೆ.

ಎಲ್ಲಾ ಒಂದೇ ಅಲ್ಲ. ಆಧಾರ, ಅಡಮಾನ, ಒತ್ತೆ, ಗಿರವಿ, ಊರಿಗೊಂದು ಹೆಸರು ಇರಬಹುದು. ಆದರೆ ಇವುಗಳಲ್ಲಿ ಜಮೀನು ನಿಮ್ಮದೇ, ಸಾಲಕ್ಕೆ ಅದು ಭದ್ರತೆ ಅಷ್ಟೇ. ಸಾಲ ತೀರಿಸಿದರೆ ಬಿಡಿಸಿಕೊಳ್ಳುವ ಹಕ್ಕು ನಿಮಗೆ ಕಾನೂನಿನಲ್ಲೇ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 60ನೇ ಕಲಂ ಅದು. ಖರೀದಿ ಬರೆದುಕೊಟ್ಟರೆ ಆ ದಿನವೇ ಜಮೀನು ಅವರದು. ಪಹಣಿಯಲ್ಲಿ ಅವರ ಹೆಸರು ಬರುತ್ತದೆ, ಅವರು ಮಾರಬಹುದು, ಅದರ ಮೇಲೆ ತಾವೇ ಸಾಲ ತೆಗೆಯಬಹುದು, ಅವರು ತೀರಿಕೊಂಡರೆ ಮಕ್ಕಳಿಗೆ ಹೋಗುತ್ತದೆ. ಬರೆಸಿಕೊಂಡವರು ಒಳ್ಳೆಯವರೇ ಇರಬಹುದು. ಅವರ ಮಕ್ಕಳು ಆ ಮಾತಿಗೆ ಸಾಕ್ಷಿ ಇರಲಿಲ್ಲ ಅಲ್ವಾ?

"ಬಾಂಡ್ ಮೇಲೆ ಬರೆದುಕೊಡ್ತೀನಿ" ಅನ್ನುವುದು ಕೇಳಲು ಧೈರ್ಯ ಕೊಡುತ್ತದೆ. ಆದರೆ ಕಾನೂನು ಇಲ್ಲಿ ಬಹಳ ಕಟ್ಟುನಿಟ್ಟು. ಷರತ್ತಿನ ಖರೀದಿ ಅಂತ ಒಂದು ಬಗೆಯ ಅಡಮಾನ ಇದೆ, ಹಣ ಮರಳಿಸಿದರೆ ಜಮೀನು ಮರಳಿ ಬರಬೇಕು ಅನ್ನುವ ಷರತ್ತು ಅದರಲ್ಲಿ ಇರುತ್ತದೆ. ಆದರೆ ಆ ಷರತ್ತು ಅದೇ ಖರೀದಿ ಪತ್ರದ ಒಳಗೇ ಬರೆದಿರಬೇಕು. ಬೇರೆ ಕಾಗದದಲ್ಲಿ ಬರೆದಿದ್ದರೆ ಅದನ್ನು ಅಡಮಾನ ಅಂತ ಕಾನೂನು ಒಪ್ಪುವುದಿಲ್ಲ. ಇದು ಅದೇ ಕಾಯ್ದೆಯ 58ನೇ ಕಲಂನಲ್ಲೇ ಇರುವ ಮಾತು. ಮಾವನ ಹತ್ತಿರ ಐವತ್ತು ರೂಪಾಯಿ ಬಾಂಡಿನ ಮೇಲೆ ಬರೆದ ಒಂದು ಕಾಗದ ಇತ್ತು. ವಕೀಲರು ಅದನ್ನು ಓದಿ, ಮಡಿಸಿ, ಮಾವನ ಕೈಗೇ ವಾಪಸ್ ಕೊಟ್ಟರು. ಮಾವ ಆ ಮಡಿಕೆಯನ್ನು ಮತ್ತೆ ಬಿಚ್ಚಿ ಸಹಿ ತೋರಿಸಿದರು, "ಇದು ಅವರದೇ ಸಹಿ" ಅಂತ. ಸಹಿ ಅವರದೇ. ಸಮಸ್ಯೆ ಸಹಿಯದಲ್ಲ.

ಹಾಗಾದರೆ ಏನು ಮಾಡಬಹುದು? ಮೊದಲು ನಿಮ್ಮ ಊರಿನ ಸೊಸೈಟಿ, ಪಿಎಲ್‌ಡಿ ಬ್ಯಾಂಕು (ರೈತರ ಭೂ ಅಭಿವೃದ್ಧಿ ಬ್ಯಾಂಕು), ಖಾತೆ ಇರುವ ಬ್ಯಾಂಕು, ಇಷ್ಟೂ ಕಡೆ ಕೇಳಿ. ಮನೆಯ ಬಂಗಾರದ ಮೇಲೆ ಬ್ಯಾಂಕಿನಲ್ಲಿ ಸಾಲ ತೆಗೆದರೂ ಗದ್ದೆ ಕಳೆದುಕೊಳ್ಳುವ ಭಯ ಇಲ್ಲ. ಖಾಸಗಿಯವರ ಹತ್ತಿರವೇ ತೆಗೆದುಕೊಳ್ಳಬೇಕು ಅನ್ನುವ ಸ್ಥಿತಿ ಬಂದರೆ ಆಧಾರ ಪತ್ರವನ್ನೇ ಬರೆದುಕೊಡಿ, ಅದನ್ನು ಇಬ್ಬರು ಸಾಕ್ಷಿ ಹಾಕಿಸಿ ನೋಂದಣಿ ಮಾಡಿಸಿ. ಅದರಲ್ಲಿ ಎರಡು ಬಗೆ ನಮ್ಮ ಕಡೆ ನಡೆಯುತ್ತದೆ. ಒಂದು ಸಾದಾ ಆಧಾರ: ಗದ್ದೆ ನೀವೇ ಮಾಡುತ್ತೀರಿ, ಬಡ್ಡಿ ಕಟ್ಟುತ್ತೀರಿ. ಇನ್ನೊಂದು ಸ್ವಾಧೀನ ಆಧಾರ: ಗದ್ದೆ ಅವರ ಕೈಗೆ, ಬೆಳೆ ಅವರದು, ಬಡ್ಡಿ ಇಲ್ಲ, ಅಸಲು ಕೊಟ್ಟ ದಿನ ಗದ್ದೆ ಬಿಡಬೇಕು. ಎರಡನೆಯದಾದರೆ ಕಾಲುವೆಗೆ ನೀರು ಬಿಡದ ವರ್ಷ ಯಾರ ಲೆಕ್ಕ ಅಂತ ಪತ್ರದಲ್ಲೇ ಬರೆಸಿ. ತುಂಗಭದ್ರೆ ಎರಡನೇ ಬೆಳೆಗೆ ಪ್ರತಿ ವರ್ಷ ನೀರು ಕೊಡುವುದಿಲ್ಲ ಅನ್ನುವುದು ನಿಮಗೆ ನಾನು ಹೇಳಬೇಕಿಲ್ಲ.

ಬಡ್ಡಿಯ ಮಾತನ್ನೂ ತಿಳಿದುಕೊಳ್ಳಿ. "ನೂರಕ್ಕೆ ಎರಡು" ಅಂದರೆ ತಿಂಗಳಿಗೆ ಎರಡು, ವರ್ಷಕ್ಕೆ ನೂರಕ್ಕೆ 24. 6 ಲಕ್ಷಕ್ಕೆ ವರ್ಷಕ್ಕೆ 1,44,000 ಬಡ್ಡಿ. ಎರಡು ಎಕರೆ ಭತ್ತದಲ್ಲಿ ಖರ್ಚು ಕಳೆದು ಎಷ್ಟು ಉಳಿಯುತ್ತದೆ ಅಂತ ಮನೆಯವರ ಜೊತೆ ಕೂತು ಬರೆದು ನೋಡಿ, ಆಮೇಲೆ ಮದುವೆಯ ಖರ್ಚಿನ ಪಟ್ಟಿಯನ್ನೂ ಇನ್ನೊಮ್ಮೆ ನೋಡಿ.

"25 ಲಕ್ಷ ಮನೆಸಾಲ, ನೂರಕ್ಕೆ 9 ಬಡ್ಡಿ, 20 ವರ್ಷ. ಒಂದು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದ್ದೇವೆ. ಸ್ಟೇಟ್‌ಮೆಂಟ್ ನೋಡಿದರೆ ಅಸಲು 50 ಸಾವಿರವೂ ಇಳಿದಿಲ್ಲ. ಬ್ಯಾಂಕಿನವರು ಮೋಸ ಮಾಡ್ತಿದ್ದಾರಾ?"
(ಜೀನ್ಸ್ ಹೊಲಿಗೆ ಘಟಕ ನಡೆಸುವವರು, ಬಳ್ಳಾರಿ)

ಮೋಸ ಅಲ್ಲ, ಲೆಕ್ಕವೇ ಹಾಗಿದೆ. ನಿಮ್ಮ ಕಂತು ಸುಮಾರು 22,493. ಮೊದಲ ತಿಂಗಳ ಬಡ್ಡಿಯೇ 18,750. ಉಳಿದ 3,743 ಮಾತ್ರ ಅಸಲಿಗೆ. ಎರಡನೇ ತಿಂಗಳು ಉಳಿದ ಅಸಲು ಸ್ವಲ್ಪ ಕಮ್ಮಿ, ಹಾಗಾಗಿ ಬಡ್ಡಿಯೂ ಸ್ವಲ್ಪ ಕಮ್ಮಿ. ಒಂದು ವರ್ಷಕ್ಕೆ ನೀವು ಕಟ್ಟಿದ್ದು ಸುಮಾರು 2.70 ಲಕ್ಷ, ಇಳಿದದ್ದು ಸುಮಾರು 47 ಸಾವಿರ. ಇದನ್ನು ಇಳಿಕೆ ಬಡ್ಡಿ ಅಂತಾರೆ, ಅಂದರೆ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ಇದು ನಿಮಗೆ ಒಳ್ಳೆಯದೇ. ಕೆಲವರು "ಫ್ಲಾಟ್ ರೇಟ್ 9" ಅಂತ ಹೇಳಿ ಸಾಲ ಕೊಡುತ್ತಾರೆ. ಅಲ್ಲಿ ಪೂರ್ತಿ ಸಾಲದ ಮೇಲೆ ಕೊನೆಯವರೆಗೂ ಬಡ್ಡಿ. ಐದು ವರ್ಷದ ಸಾಲಕ್ಕೆ ಫ್ಲಾಟ್ 9 ಅಂದರೆ ಇಳಿಕೆ ಲೆಕ್ಕದಲ್ಲಿ 15ರ ಮೇಲೆ ಬೀಳುತ್ತದೆ. ಅಂಕಿ ಒಂದೇ, ಸಾಲ ಬೇರೆ.

ನಿಮ್ಮ ಕೈಯಲ್ಲಿ ಇರುವ ದಾರಿ ಮುಂಚಿತವಾಗಿ ಅಸಲಿಗೆ ಹಣ ಹಾಕುವುದು. ಈಗ ಒಂದು ಲಕ್ಷ ಹೆಚ್ಚಿಗೆ ಕಟ್ಟಿ, ಕಂತು ಹಾಗೇ ಇರಲಿ, ಅವಧಿ ಕಮ್ಮಿ ಮಾಡಿ ಅಂತ ಬರೆದುಕೊಟ್ಟರೆ ಕೊನೆಯಲ್ಲಿ ಸುಮಾರು 22 ಕಂತು ತಪ್ಪುತ್ತವೆ. ಅಂದರೆ ಹತ್ತಿರ ಹತ್ತಿರ ನಾಲ್ಕು ಲಕ್ಷ ಬಡ್ಡಿ ಉಳಿತಾಯ. ನಿಮ್ಮ ಹೆಸರಿನಲ್ಲಿ ತೆಗೆದ ಫ್ಲೋಟಿಂಗ್ ಮನೆಸಾಲಕ್ಕೆ ಇದಕ್ಕಾಗಿ ದಂಡ ಹಾಕುವ ಹಾಗಿಲ್ಲ, ರಿಸರ್ವ್ ಬ್ಯಾಂಕ್ ನಿಯಮ ಅದು. ಹಬ್ಬದ ಸೀಸನ್ನಿನಲ್ಲಿ ಆರ್ಡರ್ ಚೆನ್ನಾಗಿ ಬಂದಾಗ ಹಾಕಿ.

ಫ್ಲೋಟಿಂಗ್ ಅಂದೆ. ಅದರ ಅರ್ಥ ಬಡ್ಡಿ ಏರಿಳಿಯುತ್ತದೆ ಅಂತ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಇಂಥ ಹೊಸ ಸಾಲಗಳು ರೆಪೊ ದರದಂಥ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಿವೆ. ದರ ಏರಿದಾಗ ಬ್ಯಾಂಕು ಸಾಮಾನ್ಯವಾಗಿ ಕಂತು ಹಾಗೇ ಬಿಟ್ಟು ಅವಧಿ ಉದ್ದ ಮಾಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ನಿಮ್ಮ 25 ಲಕ್ಷಕ್ಕೆ ಶುರುವಿನಿಂದಲೇ 9ರ ಬದಲು 10 ಇದ್ದು ಕಂತು ಅಷ್ಟೇ ಇಟ್ಟರೆ 240 ತಿಂಗಳು ಇದ್ದದ್ದು 314 ಆಗುತ್ತದೆ. ಆರು ವರ್ಷಕ್ಕಿಂತ ಜಾಸ್ತಿ! ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋದಾಗ "ನನ್ನ ಸಾಲ ಯಾವ ತಿಂಗಳಲ್ಲಿ ಮುಗಿಯುತ್ತೆ?" ಅಂತ ಕೇಳಿ, ಬರೆದಿಟ್ಟುಕೊಳ್ಳಿ. ಅವಧಿ ಬೆಳೆಸುವುದಾ, ಕಂತು ಏರಿಸುವುದಾ ಅಂತ ಆಯ್ಕೆ ಮಾಡುವ ಅವಕಾಶ ನಿಮಗಿದೆ.

ಚಿಕ್ಕ ಪ್ರಶ್ನೆಗಳು

*ಬಳ್ಳಾರಿಯ ಬೀಗರು "ಐದು ಸೆಂಟ್ಸ್" ಅಂತಾರೆ, ಕೊಪ್ಪಳದ ನಾವು "ಗುಂಟೆ" ಅಂತೀವಿ. ಎರಡೂ ಒಂದೇನಾ?*

ಅಲ್ಲ. ಬಳ್ಳಾರಿ 1953ರವರೆಗೂ ಮದ್ರಾಸಿಗೆ ಸೇರಿತ್ತು, ಹಾಗಾಗಿ ಅಲ್ಲಿ ಸೆಂಟ್ಸ್ ಉಳಿದಿದೆ. ಎಕರೆಗೆ 100 ಸೆಂಟ್ಸ್, ಆದರೆ 40 ಗುಂಟೆ. ಐದು ಸೆಂಟ್ಸ್ ಅಂದರೆ 2,178 ಚದರ ಅಡಿ, ಐದು ಗುಂಟೆ ಅಂದರೆ 5,445. ಪತ್ರದಲ್ಲಿ ಚದರ ಅಡಿಯನ್ನೂ ಬರೆಸಿ.

*ಮನೆ 30 ಲಕ್ಷ. ಬ್ಯಾಂಕು ಪೂರ್ತಿ ಕೊಡುತ್ತದೆಯೇ?*

ಇಲ್ಲ. 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ನೂರಕ್ಕೆ 90 ಮೇಲ್ಮಿತಿ, ನಿಮಗೆ 27 ಲಕ್ಷ. ನಿಮ್ಮ ಆದಾಯ ನೋಡಿ ಇನ್ನೂ ಕಮ್ಮಿ ಕೊಡಬಹುದು. ಉಳಿದದ್ದು ಮಾರ್ಜಿನ್, ಅದು ಮತ್ತು ನೋಂದಣಿ ಖರ್ಚು ನಿಮ್ಮ ಕೈಯಿಂದ. ಪತ್ರದಲ್ಲಿ ಬೆಲೆ ಕಮ್ಮಿ ತೋರಿಸಿ ಉಳಿದದ್ದು ನಗದು ಕೊಡೋಣ ಅಂದರೆ ಒಪ್ಪಬೇಡಿ. ಸಾಲವೂ ಕಮ್ಮಿ ಬರುತ್ತದೆ. ಆಸ್ತಿ ವ್ಯವಹಾರದ ಮುಂಗಡ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಆದರೆ ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ.

*ತಮ್ಮನ ಸಾಲಕ್ಕೆ ಜಾಮೀನು ಹಾಕಿದ್ದೇನೆ. ಅವನು ಮೂರು ತಿಂಗಳಿಂದ ಕಟ್ಟಿಲ್ಲ. ನನಗೇನು?*

90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುತ್ತದೆ. ಆಮೇಲೆ ಬ್ಯಾಂಕು 60 ದಿನದ ನೋಟಿಸು ಕೊಟ್ಟು ಅಡಮಾನದ ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಜಾಮೀನುದಾರರೂ ಸಾಲಗಾರರಷ್ಟೇ ಹೊಣೆ. ಬ್ಯಾಂಕು ಮೊದಲು ಸಾಲಗಾರರನ್ನೇ ಕೇಳಬೇಕು ಅಂತ ಏನಿಲ್ಲ. ಈ ವಾರವೇ ತಮ್ಮನನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ. ನೋಟಿಸು ಬಂದರೆ ಬರವಣಿಗೆಯಲ್ಲೇ ಉತ್ತರ ಕೊಡಿ.

*ಸಾಲ ತೀರಿತು. ಮನೆ ಪತ್ರ ಇನ್ನೂ ಬಂದಿಲ್ಲ.*

ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5 ಸಾವಿರ ರೂಪಾಯಿ ಪರಿಹಾರ, 2023ರ ಡಿಸೆಂಬರ್‌ನಿಂದ ಈ ನಿಯಮ ಇದೆ. ಶಾಖೆಗೆ ಪತ್ರ ಬರೆದು ಸ್ವೀಕೃತಿ ಹಾಕಿಸಿಕೊಳ್ಳಿ. ಪತ್ರ ಕೊಡುವ ದಿನ, ಸಾಲ ತೆಗೆದಾಗ ಅವರೇ ಕೊಟ್ಟ ದಾಖಲೆಗಳ ಪಟ್ಟಿ ಹಿಡಿದುಕೊಂಡು ಹೋಗಿ, ಒಂದೊಂದು ಹಾಳೆ ಎಣಿಸಿ ನೋಡಿದ ಮೇಲೆ ಸಹಿ ಹಾಕಿ. ಅಡಮಾನ ನೋಂದಣಿ ಆಗಿದ್ದರೆ ಅದರ ಬಿಡುಗಡೆ ಪತ್ರವನ್ನೂ ನೋಂದಣಿ ಮಾಡಿಸಿ, ಒಂದು ತಿಂಗಳು ಬಿಟ್ಟು ಹೊಸ ಇಸಿ ತೆಗೆಸಿ ನೋಡಿ.